ದೇವರು ತಳ್ಳಿಬಿಟ್ಟ ಅನಿಸುವಾಗ ಏನಂತ ಪ್ರಾರ್ಥನೆ ಮಾಡಲಿ?

ಪ್ರಶ್ನೆ (ಮಂಡ್ಯದ ಸಹೋದರಿ): ಅಯ್ಯನವರೇ, ವಂದನೆಗಳು. ಹೋದ ವರ್ಷ ಅಪ್ಪ ತೀರಿಕೊಂಡರು. ಅದಾದ ಮೇಲೆ ನಮ್ಮ ಬಟ್ಟೆ ಅಂಗಡಿ ಮುಚ್ಚಿತು, ಈಗ ಸಾಲ ಕೊಟ್ಟವರು ದಿನಾ ಬಾಗಿಲಿಗೆ ಬರುತ್ತಾರೆ. ದೇವರು ನಮ್ಮನ್ನು ತಳ್ಳಿಬಿಟ್ಟಿದ್ದಾನೆ ಅನಿಸುತ್ತದೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು, ನಿಮ್ಮಲ್ಲಿ ಬಚ್ಚಿಟ್ಟ ಪಾಪ ಇರಬೇಕು ಅಂದರು. ಈ ಸ್ಥಿತಿಯಲ್ಲಿ ನಮ್ಮನ್ನು ಮತ್ತೆ ನಿಲ್ಲಿಸಪ್ಪಾ ಅಂತ ಹೇಗೆ ಕೇಳಲಿ?

ಉತ್ತರ (ಸಭಾಪಾಲಕರು, ಮೈಸೂರು): ಅಮ್ಮಾ, ಈಗ ನನಗೆ ಹೇಳಿದ್ದನ್ನೇ ದೇವರಿಗೆ ಹೇಳಿ. ಸುಮ್ನೆ ಹೇಳುತ್ತಿಲ್ಲ, ಬೈಬಲಿನ 60ನೇ ಕೀರ್ತನೆ ತೆಗೆದು ನೋಡಿ. ನೀನು ನಮ್ಮನ್ನು ತಳ್ಳಿಬಿಟ್ಟೆ ಎಂಬ ದೂರಿನಿಂದಲೇ ಅದು ಶುರುವಾಗುತ್ತದೆ, ಅದೇ ವಚನ ಮುಗಿಯುವಷ್ಟರಲ್ಲಿ ನಮ್ಮನ್ನು ಮತ್ತೆ ಸರಿಮಾಡು ಅಂತ ಕೇಳುತ್ತದೆ. ಇಸ್ರಾಯೇಲಿನ ರಾಜ ದಾವೀದನ ಯುದ್ಧಗಳ ಕಾಲದ್ದು ಅಂತ ಕೀರ್ತನೆಯ ತಲೆಬರಹದಲ್ಲೇ ಬರೆದಿದೆ. ಆ ಯುದ್ಧಗಳ ಕಥೆಯನ್ನು ಬೈಬಲಿನ 2 ಸಮುವೇಲ ಪುಸ್ತಕದ 8ನೇ ಅಧ್ಯಾಯದಲ್ಲಿ ಓದಿದರೆ ಬರೀ ಗೆಲುವೇ ಕಾಣುತ್ತದೆ. ಏಟು ತಿಂದವರ ಅಳು ಕೇಳಿಸುವುದು ಈ ಕೀರ್ತನೆಯಲ್ಲಿ.

ನನಗೆ ಇದರಲ್ಲಿ ತುಂಬಾ ಮುಖ್ಯ ಅನಿಸುವುದು ನಡುವಿನ ಭಾಗ. 6ರಿಂದ 8ನೇ ವಚನದವರೆಗೆ ದೇವರೇ ಮಾತಾಡಿ, ಶೆಕೆಮ್, ಗಿಲ್ಯಾದ್, ಎಫ್ರಾಯೀಮ್ ಎಂಬ ಇಸ್ರಾಯೇಲಿನ ಸೀಮೆಗಳೆಲ್ಲಾ ನನ್ನದು ಅನ್ನುತ್ತಾನೆ, ಆದರೆ ಅಷ್ಟು ಕೇಳಿದ ಮೇಲೂ 10ನೇ ವಚನದಲ್ಲಿ ನಮ್ಮನ್ನು ತಳ್ಳಿದವನು ನೀನೇ ಅಲ್ವಾ ಎಂಬ ನೋವು ಮತ್ತೆ ಬರುತ್ತದೆ, ಅದರ ಹಿಂದೆಯೇ ಸಹಾಯ ಮಾಡು ಎಂಬ ಬೇಡಿಕೆಯೂ ಬರುತ್ತದೆ. ನಿಮಗೂ ಹಾಗೇ ಆಗಬಹುದು. ಇವತ್ತು ಸಮಾಧಾನ, ನಾಳೆ ಮತ್ತೆ ಅಳು. ಅದನ್ನು ಅಪನಂಬಿಕೆ ಅಂದುಕೊಳ್ಳಬೇಡಿ.

ಪಾಪದ ಮಾತಿಗೆ ಬಂದರೆ, ಈ ಕೀರ್ತನೆಯಲ್ಲಿ ಒಂದು ಪಾಪದ ಹೆಸರೂ ಇಲ್ಲ. ಹುಟ್ಟುಕುರುಡನನ್ನು ನೋಡಿ ಯಾರ ಪಾಪ ಇದು ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಅಂತ ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ನಿಜವಾಗಿ ಏನಾದರೂ ಮನಸ್ಸನ್ನು ಚುಚ್ಚುತ್ತಿದ್ದರೆ 51ನೇ ಕೀರ್ತನೆ ಓದಿ ಒಪ್ಪಿಕೊಳ್ಳಿ. ಇಲ್ಲದ್ದನ್ನು ಹುಡುಕಬೇಡಿ. ದುಃಖದಲ್ಲಿರುವವರಿಗೆ ಹಾಗೆ ಹೇಳುವುದು ತಪ್ಪು, ಕೂಟದಲ್ಲಿ ಹೇಳಿದರೂ ತಪ್ಪೇ.

ಸಹೋದರಿ: ಮೊಣಕಾಲೂರಿದರೆ ಮಾತೇ ಬರುವುದಿಲ್ಲ ಅಯ್ಯನವರೇ. ನಿದ್ದೆಯೂ ಇಲ್ಲ.

ಸಭಾಪಾಲಕರು: ಮಾತು ಬರದಿದ್ದರೆ ಬರೆದಿರುವುದನ್ನೇ ಜೋರಾಗಿ ಓದಿ. ಇರುವುದು 12 ವಚನ. ಒಂದು ನೀವು, ಒಂದು ನಿಮ್ಮ ಯಜಮಾನರು ಓದಲಿ, ಅದು "ನಮ್ಮನ್ನು" ಅಂತಲೇ ಕೇಳುವ ಪ್ರಾರ್ಥನೆ. 2ನೇ ವಚನದಲ್ಲಿ ಬಿರುಕು ಬಿಟ್ಟ ನಾಡನ್ನು ಸರಿಮಾಡು ಅಂತ ಇದೆಯಲ್ಲ, ಅಲ್ಲಿ ನಿಲ್ಲಿಸಿ ನಿಮ್ಮ ಮನೆಯ ಬಿರುಕು ಯಾವುದು ಅಂತ ಹೆಸರಿಟ್ಟು ಹೇಳಿ: ಸಾಲ, ಅಪ್ಪನ ನೆನಪು, ಗಂಡ ಹೆಂಡತಿ ಜಗಳ, ಏನಿದ್ದರೂ ಸರಿ.

ನಿದ್ದೆ ಇಲ್ಲ ಅಂದಿರಿ, ಅದನ್ನು ಪ್ರಾರ್ಥನೆಗಷ್ಟೇ ಬಿಡಬೇಡಿ. ಡಾಕ್ಟರಿಗೆ ತೋರಿಸಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಎತ್ತುತ್ತಾರೆ. ಸಾಲ ಯಾರಿಗೆ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಈ ವಾರವೇ ನಿಮ್ಮ ಸಭಾಪಾಲಕರ ಹತ್ತಿರ ಹೋಗಿ. ಸಾಲ ಕೊಟ್ಟವರು ಬಂದಾಗ ಸಭೆಯ ಹಿರಿಯರೊಬ್ಬರು ನಿಮ್ಮ ಜೊತೆ ಕೂರಲಿ ಅಂತ ಕೇಳಿ, ನಾಚಿಕೊಳ್ಳಬೇಡಿ.