ವಾರ್ಡ್ ಚುನಾವಣೆಗೆ ಓಟು ಹಾಕಿದ್ರೆ ನಮ್ಮ ಬೀದಿಗೆ ಏನು ಬದಲಾಗುತ್ತೆ?

ಹೂಡಿ ಬಾಡಿಗೆದಾರ
2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳಿಲ್ಲದೇ ಬೆಂಗಳೂರು ನಡೀತು. ಕಸದ ಗಾಡಿ ಬಂತು, ಬೀದಿದೀಪ ಉರೀತು. ಹಾಗಿದ್ರೆ ಈ ಓಟಿನಿಂದ ನಿಜವಾಗಿ ಆಗೋದೇನು? ಇನ್ನೊಂದು, ವೋಟರ್ ಐಡಿ ವಿಜಯನಗರದ್ದು, ಮನೆ ಈಗ ಹೂಡಿಯಲ್ಲಿ. ಎಲ್ಲಿ ಹಾಕಬೇಕು?

ಕೆಂಗೇರಿ ಉಪನಗರ
ಕೆಲಸ ನಿಂತಿರಲಿಲ್ಲ, ನಿಜ. ಯಾವ ಬೀದಿಗೆ ಮೊದಲು ಡಾಂಬರು ಅಂತ ತೀರ್ಮಾನ ಮಾಡೋರು ಬದಲಾದ್ರು, ಅಷ್ಟೇ. ಪಾಲಿಕೆ ಸಭೆ ಇದ್ದಾಗ ಬಜೆಟ್ ಅಲ್ಲಿ ಚರ್ಚೆಯಾಗಿ ಪಾಸಾಗಬೇಕು. ಸಭೆ ಇಲ್ಲದಾಗ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಒಪ್ಪಿದ್ರೆ ಸಾಕು, ಅವರು ನಿಮ್ಮ ಬಾಗಿಲಿಗೆ ಓಟು ಕೇಳೋಕೆ ಬರಬೇಕಾಗಿಲ್ಲ. ಓಟು ಪಡೆದು ಬಂದವರಲ್ಲಿ ಉಳಿದವರು ಶಾಸಕರು ಮಾತ್ರ. 2011ರ ಜನಗಣತಿಯ ಸುಮಾರು 84 ಲಕ್ಷ ಜನರನ್ನ 28 ಶಾಸಕರಿಗೆ ಹಂಚಿದ್ರೆ ತಲಾ 3 ಲಕ್ಷ. ಬಿಬಿಎಂಪಿ ಒಡೆದು ಮಾಡಿದ ಐದು ಪಾಲಿಕೆಗಳ 369 ವಾರ್ಡಿಗೆ ಹಂಚಿದ್ರೆ ತಲಾ 23 ಸಾವಿರದ ಆಸುಪಾಸು.

ಮಳೆಗೆ ಮೋರಿ ಉಕ್ಕೋದನ್ನೇ ತಗೊಳ್ಳಿ. ರಸ್ತೆ ಬದಿ ಮೋರಿ ಪಾಲಿಕೆಯದು, ಒಳಚರಂಡಿ ಜಲಮಂಡಳಿಯದು. ಒಳಚರಂಡಿ ಕಟ್ಟಿಕೊಂಡಾಗ ಕೊಳಚೆ ನೀರನ್ನ ಮೋರಿಗೆ ತಿರುಗಿಸಿಬಿಡ್ತಾರೆ. ಒಳಗೆ ಹೂಳು, ಅದರ ಮೇಲೆ ಅಡ್ಡಡ್ಡ ಎಳೆದ ಕೇಬಲ್ಲು, ಅದಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು. ಅರ್ಧ ಗಂಟೆ ಮಳೆಗೇ ನೀರು ರಸ್ತೆಗೆ. ದೂರು ಕೊಟ್ರೆ ಪಾಲಿಕೆಯವರು "ಕೊಳಚೆ ಜಲಮಂಡಳಿಯದು" ಅಂತಾರೆ, ಅವರು "ಹೂಳು ಪಾಲಿಕೆಯದು" ಅಂತಾರೆ. ಇಬ್ಬರು ಎಂಜಿನಿಯರ್‌ಗಳನ್ನೂ ಅದೇ ಮೋರಿ ಮುಂದೆ ನಿಲ್ಲಿಸಿ ಕೇಳೋ ಬಲ ಗೆದ್ದು ಬಂದವರಿಗಿರುತ್ತೆ. ಮುಂದಿನ ಸಲ ಗೆಲ್ಲಬೇಕು ಅನ್ನೋ ಭಯವೂ ಇರುತ್ತೆ.

ಕಾವೇರಿ ನೀರು, ಕರೆಂಟು, ಬಿಎಂಟಿಸಿ ಬಸ್ಸು ಪಾಲಿಕೆ ಕೈಯಲ್ಲಿಲ್ಲ. ಅವನ್ನೆಲ್ಲ ತಂದುಕೊಡ್ತೀನಿ ಅನ್ನೋ ಅಭ್ಯರ್ಥಿಗೆ "ಮೋರಿ, ಫುಟ್‌ಪಾತ್, ಪಾರ್ಕು ಏನ್ಮಾಡ್ತೀರಿ?" ಅಂತ ಕೇಳಿ.

ಪಟ್ಟಿ ನೋಡಿದ್ರಾ
ಓಟು ಹೂಡಿಯಲ್ಲೇ ಹಾಕಬೇಕು, ಅದಕ್ಕೆ ಹೆಸರು ಅಲ್ಲಿಗೆ ಬರಬೇಕು. ವಿಜಯನಗರ ಪಶ್ಚಿಮ ಪಾಲಿಕೆಗೆ, ಹೂಡಿ ಪೂರ್ವ ಪಾಲಿಕೆಗೆ ಸೇರುತ್ತೆ.

ತುಂಬಬೇಕಾದ್ದು ಫಾರ್ಮ್ 8. ವಾಸ ಬದಲಾವಣೆ, ತಿದ್ದುಪಡಿ, ಕಳೆದುಹೋದ ಕಾರ್ಡಿಗೆ ಬದಲಿ, ಎಲ್ಲಕ್ಕೂ ಅದೇ. ಬಹಳ ಜನ ಮತ್ತೆ ಫಾರ್ಮ್ 6 ಹಾಕಿಬಿಡ್ತಾರೆ. ಅದು ಹೊಸಬರಿಗೆ. ಎರಡು ಕಡೆ ಹೆಸರು ಬಂದ್ರೆ ಕಾನೂನಿನ ಪ್ರಕಾರ ತಪ್ಪು. ಚುನಾವಣಾ ಆಯೋಗದ ಮತದಾರರ ಪೋರ್ಟಲ್‌ನಲ್ಲೋ ಆಯೋಗದ ಆ್ಯಪ್‌ನಲ್ಲೋ ಹಾಕಿ, ರೆಫರೆನ್ಸ್ ನಂಬರ್ ಇಟ್ಕೊಳ್ಳಿ. ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಪರಿಶೀಲನೆಗೆ ಮನೆಗೆ ಬಂದಾಗ ಬೀಗ ಹಾಕಿದ್ರೆ ಅರ್ಜಿ ತಿರಸ್ಕಾರ ಆಗೋ ಸಾಧ್ಯತೆ ಇದೆ, ಪಕ್ಕದ ಮನೆಯವರಿಗೆ ಹೇಳಿಟ್ಟಿರಿ. ಅನುಮಾನ ಇದ್ರೆ 1950ಕ್ಕೆ ಫೋನ್ ಮಾಡಿ.

ಪಾಲಿಕೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆ ಪಟ್ಟಿಯನ್ನ ವಾರ್ಡುವಾರು ಒಡೆದು ತಯಾರು ಮಾಡ್ತಾರೆ. ಎಡವಟ್ಟಾಗೋದು ಇಲ್ಲೇ. ಒಂದೇ ರಸ್ತೆಯ ಎಡಗಡೆ ಒಂದು ವಾರ್ಡು, ಬಲಗಡೆ ಇನ್ನೊಂದು, ಮನೆ ನಂಬರ್ ಗೊಂದಲದಿಂದ ಹೆಸರು ಆಚೆ ಬದಿಗೆ ಹೋಗುತ್ತೆ. ಕರಡು ಪಟ್ಟಿ ಬಂದಾಗಲೇ ನೋಡಿ ಆಕ್ಷೇಪಣೆ ಹಾಕಿ. ಕಾರ್ಡ್ ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ರೆ ಬೂತಿನಿಂದ ವಾಪಸ್ ಕಳಿಸ್ತಾರೆ.

ಜಯನಗರ 4ನೇ ಬ್ಲಾಕ್
ಒಂದು ಲೆಕ್ಕ ಸೇರಿಸ್ತೀನಿ. 2015ರ ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ಮತದಾರರೂ ಓಟು ಹಾಕಲಿಲ್ಲ. ವಾರ್ಡಲ್ಲಿ 16 ಸಾವಿರ ಮತದಾರರು ಅಂತಿಟ್ಕೊಳ್ಳಿ, 8 ಸಾವಿರ ಬಂದ್ರು, ಮೂವರ ನಡುವೆ ಹಂಚಿಹೋಯ್ತು. 3 ಸಾವಿರ ಓಟಿಗೇ ಗೆಲ್ಲಬಹುದು. 300 ಫ್ಲ್ಯಾಟಿನ ಒಂದು ಅಪಾರ್ಟ್‌ಮೆಂಟ್ ಪೂರ್ತಿ ಬಂದ್ರೆ ಫಲಿತಾಂಶವೇ ತಿರುಗಬಹುದು, ಯಾವ ಅಭ್ಯರ್ಥಿಯೂ ಅವರನ್ನ ಕಡೆಗಣಿಸೋಕಾಗಲ್ಲ.

ಹೂಡಿ ಬಾಡಿಗೆದಾರ
ಧನ್ಯವಾದ. ಆಧಾರ್‌ನಲ್ಲೂ ಹಳೇ ವಿಳಾಸ ಇದೆ. 11 ತಿಂಗಳ ಅಗ್ರಿಮೆಂಟ್ ನಡೆಯುತ್ತಾ?

ಪಟ್ಟಿ ನೋಡಿದ್ರಾ
ಫಾರ್ಮ್ 8ಕ್ಕೆ ವಿಳಾಸದ ದಾಖಲೆಯಾಗಿ ಕೇಳೋದು ನೋಂದಾಯಿತ ಬಾಡಿಗೆ ಕರಾರು. ಬರೀ ಸ್ಟ್ಯಾಂಪ್ ಪೇಪರಿನದು ನೆಚ್ಚಿಕೊಳ್ಳಬೇಡಿ. ಮೊದಲು ಆಧಾರ್ ವಿಳಾಸ ಬದಲಿಸಿ, ಇಲ್ಲಾ ಬ್ಯಾಂಕ್ ಪಾಸ್‌ಬುಕ್ಕಲ್ಲಿ ಹೂಡಿ ವಿಳಾಸ ಹಾಕಿಸಿ, ಆಮೇಲೆ ಫಾರ್ಮ್ 8. ಚುನಾವಣೆ ಘೋಷಣೆ ಆಗಲಿ ಅಂತ ಕಾಯಬೇಡಿ, ಈ ವಾರವೇ ಶುರು ಮಾಡಿ.