ಹಳೆಯ ಜಿಪ್ಸಿಯ ಪ್ರೊಪೆಲ್ಲರ್ ಶಾಫ್ಟ್ ಕ್ರಾಸ್‌ಗಳನ್ನು ಮನೆಯಲ್ಲೇ ಬದಲಿಸಬಹುದೇ?

ತೋಟದ ಜಿಪ್ಸಿ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1998ರ ಮಾರುತಿ ಜಿಪ್ಸಿ ಕಿಂಗ್ ಇದೆ. ತಂದೆಯವರ ಕಾಲದಿಂದ ಕಾಫಿ ತೋಟದಲ್ಲಿ ದುಡಿದ ಗಾಡಿಯಾದ್ದರಿಂದ ಅದನ್ನು ಮಾರುವ ಮನಸ್ಸಿಲ್ಲ. ಈ ಮಳೆಗಾಲ ಕಳೆದ ಮೇಲೆ, ಕ್ಲಚ್ ಬಿಟ್ಟೊಡನೆ ಮತ್ತು ಆಕ್ಸಿಲರೇಟರ್ ಬಿಟ್ಟು ಪುನಃ ಒತ್ತಿದಾಗ ಅಡಿಯಿಂದ ‘ಟಣ್’ ಎಂಬ ಸದ್ದು ಕೇಳುತ್ತಿದೆ. ವೇಗ ಗಂಟೆಗೆ 50 ಕಿ.ಮೀ. ದಾಟಿದರೆ ಸೀಟಿನವರೆಗೂ ನಡುಕ ಬರುತ್ತದೆ. ಒಂದು ಗ್ಯಾರೇಜಿನವರು ಹಿಂದಿನ ಡಿಫರೆನ್ಶಿಯಲ್ಲನ್ನೇ (ಶಾಫ್ಟಿನ ತಿರುಗುವಿಕೆಯನ್ನು ಎರಡು ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬದಲಿಸಬೇಕೆಂದರು, ಇನ್ನೊಬ್ಬರು ಕ್ರಾಸ್ (ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಬಾಗುವ ಕೀಲು) ಸವೆದಿದೆ ಎಂದರು. ಬೆಂಚ್ ವೈಸ್, ಸಾಕೆಟ್ ಸೆಟ್, ಜ್ಯಾಕ್ ಸ್ಟ್ಯಾಂಡ್‌ಗಳು ಮನೆಯಲ್ಲಿವೆ. ಎಲ್ಲಿಂದ ಆರಂಭಿಸಲಿ?

ಘಟ್ಟದ ಗಾಡಿ, ಸಕಲೇಶಪುರ

ಸರ್, ಯಾವ ಭಾಗವನ್ನೂ ಕೊಳ್ಳುವ ಮೊದಲು ಸಡಿಲ ಎಲ್ಲಿದೆ ಎಂಬುದನ್ನು ಕೈಯಿಂದಲೇ ಪತ್ತೆ ಮಾಡಿ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಗೇರ್‌ಬಾಕ್ಸಿನಿಂದ ಬೇರೆಯಾಗಿ ಕುಳಿತಿರುವುದರಿಂದ ಶಾಫ್ಟ್‌ಗಳು ಎರಡಲ್ಲ, ಮೂರು. ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಿನ ಗಿಡ್ಡ ಶಾಫ್ಟನ್ನು ಹೆಚ್ಚಿನವರು ಮರೆತೇಬಿಡುತ್ತಾರೆ.

ಸಮತಟ್ಟಾದ ಜಾಗದಲ್ಲಿ ನಾಲ್ಕೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ಮತ್ತು ಟ್ರಾನ್ಸ್‌ಫರ್ ಕೇಸಿನ ಎರಡೂ ಲಿವರ್‌ಗಳನ್ನು ನ್ಯೂಟ್ರಲ್‌ನಲ್ಲಿಟ್ಟು, ಪ್ರತಿ ಶಾಫ್ಟನ್ನೂ ಅತ್ತಿತ್ತ ತಿರುಗಿಸಿ ನೋಡಿ. ಕ್ರಾಸಿನ ಒಂದು ಬದಿ ತಿರುಗಿ ಇನ್ನೊಂದು ಬದಿ ತಡವಾಗಿ ಹಿಂಬಾಲಿಸಿದರೆ ಆ ಕ್ರಾಸ್ ಮುಗಿದಿದೆ. ಕ್ರಾಸಿನ ತುದಿಗಳನ್ನು ಮುಚ್ಚಿರುವ ಬಟ್ಟಲಿನ (ಬೇರಿಂಗ್ ಕಪ್) ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಸೂಜಿ ರೋಲರ್‌ಗಳು ಗ್ರೀಸಿಲ್ಲದೆ ಒಣಗಿವೆ ಎಂದೇ ಅರ್ಥ. ಡಿಫರೆನ್ಶಿಯಲ್ಲಿನ ಫ್ಲ್ಯಾಂಜ್‌ನಲ್ಲಿ (ಶಾಫ್ಟನ್ನು ಬೋಲ್ಟಿನಿಂದ ಸೇರಿಸುವ ಚಪ್ಪಟೆ ಬಿಲ್ಲೆ) ಸ್ವಲ್ಪ ಸಡಿಲವಿರುವುದು ಸಹಜ, ಅಷ್ಟಕ್ಕೇ ಅದನ್ನು ಬಿಚ್ಚಬೇಡಿ. ಟ್ರಾನ್ಸ್‌ಫರ್ ಕೇಸನ್ನು ಹಿಡಿದಿರುವ ಮೂರು ರಬ್ಬರ್ ಮೌಂಟ್‌ಗಳನ್ನೂ ನೋಡಿ. ಅವು ಹರಿದಿದ್ದರೂ ಇದೇ ಸದ್ದು ಬರುತ್ತದೆ.

ಹಳೇ ಕಬ್ಬಿಣ, ಶಿವಮೊಗ್ಗ

ಮೇಲಿನ ಮಾತು ಸರಿಯಾಗಿದೆ. ಬದಲಿಸುವ ಕೆಲಸದ ಬಗ್ಗೆ ನನ್ನ ಅನುಭವ ಬರೆಯುತ್ತೇನೆ.

ಬೋಲ್ಟು ಬಿಚ್ಚುವ ಮೊದಲೇ ಎರಡೂ ಫ್ಲ್ಯಾಂಜ್‌ಗಳ ಮೇಲೆ, ಹಾಗೆಯೇ ಜಾರುವ ಸ್ಪ್ಲೈನ್‌ನ (ಒಂದರೊಳಗೊಂದು ಜಾರುವ ಹಲ್ಲುಗಳ ಜೋಡಣೆ) ಎರಡು ಭಾಗಗಳ ಮೇಲೆ ಬಣ್ಣದಿಂದ ಗೆರೆ ಎಳೆದುಕೊಳ್ಳಿ. ಶಾಫ್ಟ್ ಓರೆಯಾಗಿ ತಿರುಗುವಾಗ ಒಂದು ಕ್ರಾಸ್ ಪ್ರತಿ ಸುತ್ತಿಗೂ ಎರಡು ಬಾರಿ ವೇಗವನ್ನು ಏರಿಸಿ ಇಳಿಸುತ್ತದೆ. ಎರಡೂ ತುದಿಯ ಯೋಕ್‌ಗಳು (ಕ್ರಾಸನ್ನು ಹಿಡಿಯುವ ಕವಲುಗಳು) ಒಂದೇ ನೇರದಲ್ಲಿದ್ದಾಗ ಮಾತ್ರ ಇನ್ನೊಂದು ಕ್ರಾಸ್ ಅದನ್ನು ಸರಿದೂಗಿಸುತ್ತದೆ. ಸ್ಪ್ಲೈನನ್ನು ಒಂದು ಹಲ್ಲು ತಪ್ಪಿಸಿ ಜೋಡಿಸಿದರೂ ಹೊಸ ಕ್ರಾಸ್ ಹಾಕಿದ ಗಾಡಿ ನಡುಗುತ್ತದೆ. ನಾನು ಮೊದಲ ಸಲ ಈ ಗುರುತು ಹಾಕದೆ, ಎರಡು ದಿನ ದೋಷ ಹುಡುಕಿದ್ದೇನೆ.

ಬಟ್ಟಲನ್ನು ಜಾಗದಲ್ಲಿ ಹಿಡಿಯುವ ಸರ್ಕ್ಲಿಪ್ (ಸ್ಪ್ರಿಂಗ್ ಬಳೆ) ತೆಗೆದ ಮೇಲೆ ಬಟ್ಟಲಿಗಿಂತ ಚಿಕ್ಕ ಸಾಕೆಟನ್ನು ಒಂದು ಬದಿಗೆ, ಬಟ್ಟಲು ಒಳಗೆ ಕೂರುವಷ್ಟು ದೊಡ್ಡ ಸಾಕೆಟನ್ನು ಎದುರು ಬದಿಗೆ ಇಟ್ಟು ವೈಸ್‌ನಿಂದ ನಿಧಾನವಾಗಿ ಒತ್ತಿ. ಸುತ್ತಿಗೆಯಿಂದ ಬಡಿದರೆ ಯೋಕ್‌ನ ಕಿವಿ ಬಾಗುವ ಅಪಾಯವಿದೆ. ಹೊಸ ಬಟ್ಟಲು ಕೂರಿಸುವಾಗ ರೋಲರ್‌ಗಳು ಗ್ರೀಸಿನಲ್ಲಿ ಅಂಟಿ ನಿಂತಿರಲಿ. ಒಂದು ರೋಲರ್ ಜಾರಿ ತಳಕ್ಕೆ ಅಡ್ಡಬಿದ್ದರೆ ಬಟ್ಟಲು ಪೂರ್ತಿ ಇಳಿಯುವುದಿಲ್ಲ, ಸರ್ಕ್ಲಿಪ್ ಕೂರುವುದಿಲ್ಲ. ಆಗ ಬಲ ಹಾಕದೆ ಮರಳಿ ಬಿಚ್ಚಿ ನೋಡಿ. ಗಿಡ್ಡ ಶಾಫ್ಟನ್ನು ಗೇರ್‌ಬಾಕ್ಸಿನಿಂದ ಎಳೆಯುವಾಗ ಎಣ್ಣೆ ಸೋರಬಹುದು, ಕೆಳಗೆ ಪಾತ್ರೆ ಇಡಿ.

ಘಟ್ಟದ ಗಾಡಿ, ಸಕಲೇಶಪುರ

ಇನ್ನೊಂದು ಮುಖ್ಯ ಮಾತು. ಶಾಫ್ಟ್ ಕಳಚಿದ ಮೇಲೆ ಗೇರಿನಲ್ಲಿ ಇಟ್ಟರೂ ಆ ಚಕ್ರಗಳನ್ನು ಎಂಜಿನ್ ಹಿಡಿಯುವುದಿಲ್ಲ. ಹ್ಯಾಂಡ್‌ಬ್ರೇಕಿನ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೆಯೇ ಇರುವ ಹಳೆಯ ಜೀಪುಗಳಲ್ಲಂತೂ ಹಿಂದಿನ ಶಾಫ್ಟ್ ತೆಗೆದ ಕ್ಷಣವೇ ಹ್ಯಾಂಡ್‌ಬ್ರೇಕೂ ಇಲ್ಲವಾಗುತ್ತದೆ. ಆದ್ದರಿಂದ ಕಲ್ಲು ಕೊಡದೆ ಗಾಡಿಯ ಅಡಿಗೆ ಹೋಗಲೇಬೇಡಿ. ಗಾಡಿಯನ್ನು ಒಣ ಡಾಂಬರು ರಸ್ತೆಯಲ್ಲಿ ಫೋರ್ ವೀಲ್‌ನಲ್ಲಿ ಓಡಿಸುತ್ತಿದ್ದೀರಾ? ಮುಂದಿನ, ಹಿಂದಿನ ಶಾಫ್ಟ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲದ ಈ ವ್ಯವಸ್ಥೆಯಲ್ಲಿ ತಿರುವುಗಳಲ್ಲಿ ಬಿಗಿತ ಉಂಟಾಗಿ ಕ್ರಾಸ್‌ಗಳು ಬೇಗ ಸವೆಯುತ್ತವೆ.

ತೋಟದ ಜಿಪ್ಸಿ, ಮೂಡಿಗೆರೆ

ಇಬ್ಬರಿಗೂ ಕೃತಜ್ಞತೆಗಳು. ಭಾನುವಾರ ಪರೀಕ್ಷಿಸಿದೆ. ಗಿಡ್ಡ ಶಾಫ್ಟಿನ ಕ್ರಾಸ್ ಸುತ್ತ ಕೆಂಪು ಪುಡಿಯಿತ್ತು, ಹಿಂದಿನ ಶಾಫ್ಟಿನ ಒಂದು ಕ್ರಾಸೂ ಸಡಿಲವಾಗಿತ್ತು. ಎರಡನ್ನೂ ಬದಲಿಸಿ ಗೆರೆಗೆ ಗೆರೆ ಸೇರಿಸಿ ಜೋಡಿಸಿದ ಮೇಲೆ ‘ಟಣ್’ ಸದ್ದು ನಿಂತಿದೆ. 60ರಲ್ಲಿ ಅಲ್ಪ ನಡುಕ ಉಳಿದಿದೆ. ಒಂದು ರಬ್ಬರ್ ಮೌಂಟಿನಲ್ಲಿ ಬಿರುಕು ಕಂಡಿರುವುದರಿಂದ ಮೂರನ್ನೂ ತರಿಸಿದ್ದೇನೆ. ಹಾಕಿದ ಮೇಲೆ ಇಲ್ಲಿಯೇ ಬರೆಯುತ್ತೇನೆ.