ಅಮ್ಮನ ಜಗಲಿಯ ಮೂಲೆ ಕಪಾಟು

ಗುಂಪು: ಮನೆ ಮಂದಿ

ಅಣ್ಣ: (ಚಿತ್ರ) ಜಗಲಿಯ ಮೂಲೆಗೆ ಈ ಕಪಾಟು ನೋಡಿದ್ದೇನೆ. ಎರಡಡಿಗೆ ಎರಡಡಿ, ತ್ರಿಕೋನ. ವಾರದೊಳಗೆ ತೀರ್ಥಹಳ್ಳಿಗೆ ಬರುತ್ತದೆ. ನಾಳೆ ಆರ್ಡರ್ ಮಾಡುತ್ತೇನೆ.

ಅಕ್ಕ: ಚೆನ್ನಾಗಿದೆ. ಕಂದು ಬಣ್ಣದ್ದೇ ಇರಲಿ.

ನಾನು: ಅಣ್ಣ, ಒಂದು ನಿಮಿಷ ತಡೆ. ಅದು ಪಾರ್ಟಿಕಲ್ ಬೋರ್ಡ್, ಮರದ ಪುಡಿ ಅಂಟಿಸಿ ಒತ್ತಿದ ಹಲಗೆ ಅಲ್ವಾ? ಆಗುಂಬೆ ಪಕ್ಕದ ಊರು ನಮ್ಮದು. ಆಷಾಢದಲ್ಲಿ ಆ ಗೋಡೆ ಕೈಯಿಟ್ಟರೆ ತಣ್ಣಗೆ ಒದ್ದೆ. ಅಂಚಿನಿಂದ ನೀರು ಕುಡಿದು ಉಬ್ಬಿದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ.

ಅಣ್ಣ: ಮೇಲೆ ಲ್ಯಾಮಿನೇಟ್ ಇದೆ ಪುಟ್ಟಿ.

ನಾನು: ಮುಖಕ್ಕೆ ಇದೆ. ಸ್ಕ್ರೂ ಹಾಕುವ ತೂತಿಗೆ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ಮೂಲೆ ಮೂಲೆಮಟ್ಟಕ್ಕೆ, ಅಂದರೆ 90 ಡಿಗ್ರಿಗೆ, ಸರಿಯಾಗಿಲ್ಲ. ದೀಪಾವಳಿಗೆ ಹೋದಾಗ ಅಳೆದಿದ್ದೆ. ಒಂದು ಗೋಡೆಯಲ್ಲಿ 3 ಅಡಿಗೆ ಗುರುತು, ಇನ್ನೊಂದರಲ್ಲಿ 4 ಅಡಿಗೆ. ಎರಡು ಗುರುತಿನ ನಡುವೆ ನೇರ 5 ಅಡಿ ಬರಬೇಕು. ಬಂದದ್ದು 5 ಅಡಿ ಒಂದೂವರೆ ಇಂಚು. ಅಂದರೆ ಮೂಲೆ ಸುಮಾರು 93 ಡಿಗ್ರಿ ತೆರೆದಿದೆ. ನಿನ್ನ ಕಪಾಟನ್ನು ಒಂದು ಗೋಡೆಗೆ ಒತ್ತಿಟ್ಟರೆ ಇನ್ನೊಂದು ಗೋಡೆ ಕಡೆ ಮುಂದಿನ ಅಂಚಿನಲ್ಲಿ ಒಂದೂಕಾಲು ಇಂಚು ಸಂದು ಉಳಿಯುತ್ತದೆ. ಅಮ್ಮ ಅದರೊಳಗಿನ ಕಸ ತೆಗೆಯಲು ಕಡ್ಡಿ ಹಿಡಿದು ಕೂರಬೇಕಾ?

ಚಿಕ್ಕಪ್ಪ: ಮಣ್ಣಿನ ಗೋಡೆ. ಅಜ್ಜನ ಕಾಲದಿಂದಲೂ ಹಾಗೆಯೇ ಇದೆ.

ಅಣ್ಣ: ಸರಿ, ಅಳತೆಗೆ ಮಾಡಿಸೋಣ ಅಂದರೆ ಮರಗೆಲಸದ ಆಚಾರಿ ಎಲ್ಲಿದ್ದಾರೆ? ಹೋದ ಸಲ ಕಿಟಕಿಗೆ ಮುಂಗಡ ತೆಗೆದುಕೊಂಡವರು ಮೂರು ತಿಂಗಳ ನಂತರ ಬಂದರು. ಬೆಂಗಳೂರಿನಿಂದ ಫೋನ್ ಮಾಡಿ ಮಾಡಿ ನಾನು ಸುಸ್ತಾದೆ. ನೀವು ಯಾರೂ ಮಾಡಲಿಲ್ಲ.

ಇದು ನಿಜ. ನಾವು ಯಾರೂ ಮಾಡಿರಲಿಲ್ಲ. ಸ್ವಲ್ಪ ಹೊತ್ತು ಗುಂಪಿನಲ್ಲಿ ಯಾರೂ ಬರೆಯಲಿಲ್ಲ.

ನಾನು: ಈ ಸಲ ಫೋನ್ ಮಾಡುವುದು ನನ್ನ ಪಾಲು. ಶಿವಮೊಗ್ಗದಿಂದ ವಾರಕ್ಕೊಮ್ಮೆ ಹೋಗಿ ನಿಂತು ಮಾಡಿಸುತ್ತೇನೆ.

ಅಕ್ಕ: ನನ್ನದೊಂದು ಮಾತು. ಮೂಲೆ ಕಪಾಟಿನಲ್ಲಿ ಏನೂ ಹಿಡಿಸುವುದಿಲ್ಲ. ನಮ್ಮ ಮನೆಯದರಲ್ಲಿ ಒಂದು ಹರಿವಾಣ ಇಟ್ಟರೆ ಮುಗಿಯಿತು.

ನಾನು: ನಿಮ್ಮದು ಬರೀ ತ್ರಿಕೋನ ಅಕ್ಕ. ಎರಡಡಿ ತ್ರಿಕೋನದ ಹಲಗೆ ಎರಡೇ ಚದರಡಿ. ಎರಡೂ ಗೋಡೆ ಕಡೆಯಿಂದ 8 ಇಂಚು ನೇರ ಮುಂದೆ ಬಂದು, ಆಮೇಲೆ ಓರೆ ಮಾಡಿದರೆ ಐದು ಮೂಲೆ ಆಗುತ್ತದೆ. ಗೋಡೆಯಲ್ಲಿ ಹಿಡಿಯುವ ಜಾಗ ಅದೇ ಎರಡಡಿ. ಒಳಗೆ ಮಾತ್ರ ಮೂರು ಚದರಡಿ ದಾಟುತ್ತದೆ.

ಭಾವ: ಹಾಗಾದರೆ ಪ್ಲೈವುಡ್‌ನಲ್ಲೇ ಮಾಡಿಸಿ. ಐಎಸ್ 710 ಮುದ್ರೆ ಇರುವ, ನೀರು ತಡೆಯುವ ಮರೈನ್ ಪ್ಲೈ ತಗೊಳ್ಳಿ. 18 ಎಂಎಂ ಸಾಕು.

ನಾನು: ಬದಿಗೆ, ಬೆನ್ನಿಗೆ ಅದೇ ಹಾಕೋಣ ಭಾವ. ನೀವು ಹೇಳಿದ್ದು ಸರಿ. ಅಡ್ಡಹಲಗೆಗೆ, ಬಾಗಿಲಿಗೆ ಮಾತ್ರ ಅಟ್ಟದ ಮೇಲಿರುವ, ಭತ್ತ ತುಂಬುವ ಹಳೇ ಪತ್ತಾಯದ ಹಲಸಿನ ಹಲಗೆ ಇದೆಯಲ್ಲ.

ಅಣ್ಣ: ಆ ಹಲಗೆ ಮುಟ್ಟಬೇಡಿ. ಅದು ನನ್ನ ಮನೆಯ ದೇವರ ಮಂಟಪಕ್ಕೆ. ಅಪ್ಪನನ್ನು ಕೇಳಿದ್ದೆ. ಹೂಂ ಅಂದಿದ್ದರು.

ಅಕ್ಕ: ನಮಗೆ ಯಾರಿಗೂ ಹೇಳಲಿಲ್ಲ?

ಅಣ್ಣ: ಹೇಳುವಷ್ಟರಲ್ಲಿ ಅಪ್ಪ ಹೋದರು.

ನಾನು: ಅಣ್ಣ, ನೀನು ಕೇಳಿದ್ದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮರ ಈ ಮನೆಯ ಮಳೆ, ಬಿಸಿಲು ಎಲ್ಲ ಕಂಡು ಒಣಗಿದೆ. ಈಗ ಅಂಥ ಹಲಸು ಹೊಸದಾಗಿ ತಂದರೆ ಹಳದಿ ಹಸಿ ಮರ ಸಿಗುತ್ತದೆ, ಒಣಗಿಸಲು ಕಾಯಬೇಕು. ಇದು ಆಗಲೇ ಕೆಂಪಗೆ ಮಾಗಿದೆ. ಅಮ್ಮ ದಿನಾ ಮುಟ್ಟುವ ಬಾಗಿಲು ಅದರದ್ದೇ ಆಗಲಿ ಅಂತ ನನ್ನ ಆಸೆ.

ಅಮ್ಮ: ನನ್ನನ್ನು ಯಾರೂ ಕೇಳಲಿಲ್ಲ. ಮೇಲೆ ಬಾಗಿಲು ಬೇಡ. ಔಷಧಿ, ಕನ್ನಡಕ, ಫೋನು ಕೈಗೆ ಸಿಗಬೇಕು. ಸೊಂಟದ ಕೆಳಗೆ ಬಾಗಿಲು ಇರಲಿ. ದಿನಾ ಬಗ್ಗಿ ತೆಗೆಯುವಂಥದ್ದು ಏನೂ ಅಲ್ಲಿ ಇಡುವುದಿಲ್ಲ.

ಚಿಕ್ಕಪ್ಪ: ನಾನು ಈಗ ಅಟ್ಟ ಹತ್ತಿ ಇಳಿದೆ. ಒಂಬತ್ತು ಹಲಗೆ. ಉದ್ದ ಐದೂವರೆ ಅಡಿ, ಅಗಲ ಒಂದಡಿಗೆ ಅರ್ಧ ಇಂಚು ಜಾಸ್ತಿ. ಒಂದಕ್ಕೆ ಗೆದ್ದಲು ಹಿಡಿದಿದೆ. ಅದೂ ಅಂಚಿನ ಬಿಳಿ ಮರ ಮಾತ್ರ. ಒಳಗಿನ ಗಟ್ಟಿ ಚೇಗು ಕಬ್ಬಿಣದ ಹಾಗಿದೆ. ಮೊಳೆ ತುಂಬಾ ಇವೆ, ಎಲ್ಲ ಕಿತ್ತ ಮೇಲೆಯೇ ಗರಗಸ ಹಾಕಬೇಕು.

ನಾನು: ಸಾಕು ಚಿಕ್ಕಪ್ಪ! ಎರಡು ಹಲಗೆ ಅಕ್ಕಪಕ್ಕ ಅಂಟಿಸಿದರೆ ಎರಡಡಿ ಅಗಲ. ಐದು ಅಡ್ಡಹಲಗೆಗೆ ಎರಡಡಿಯ ಹತ್ತು ತುಂಡು ಬೇಕು. ಒಂದು ಹಲಗೆಗೆ ಎರಡು ತುಂಡು, ಒಟ್ಟು ಐದು ಹಲಗೆ. ಆರನೆಯದರಲ್ಲಿ ಕೆಳಗಿನ ಎರಡು ಬಾಗಿಲು. ಚೆನ್ನಾಗಿರುವ ಎರಡು ಉಳಿಯುತ್ತವೆ. ಅವು ಅಣ್ಣನಿಗೆ.

ಅಣ್ಣ: ಎರಡು ಹಲಗೆಯಲ್ಲಿ ಮಂಟಪ ಆಗುತ್ತಾ?

ನಾನು: ಪೀಠ, ಮುಂದಿನ ಬಾಗಿಲು ಆಗುತ್ತದೆ. ಕಂಬಕ್ಕೆ ಬೇರೆ ಮರ ಹುಡುಕಬೇಕು. ನಾನೇ ಹುಡುಕಿ ಕೊಡುತ್ತೇನೆ.

ಚಿಕ್ಕಪ್ಪ: (ಚಿತ್ರ) ಒಂದು ಹಲಗೆಯ ಒಳಮುಖ ನೋಡಿ. ನಿಮ್ಮಪ್ಪ ಭತ್ತ ಅಳೆಯುವ ಕೊಳಗದ ಲೆಕ್ಕಕ್ಕೆ ಎಳೆದ ಗೀರು.

ಐದೈದು ಗೀರುಗಳ ಕಟ್ಟು. ಮೊಳೆಯಿಂದ ಕೆತ್ತಿದ್ದು. ಗದ್ದೆ ಅಡಿಕೆ ತೋಟ ಆಗುವ ಮುಂಚಿನದು. ಅದನ್ನು ನಾನೂ ಅದೇ ದಿನ ಮೊದಲ ಸಲ ನೋಡಿದ್ದು.

ಅಣ್ಣ: ಇದು ನನಗೆ ಬೇಕು. ಬೇರೆ ಯಾವುದೂ ಕೇಳುವುದಿಲ್ಲ.

ಅಮ್ಮ: ಅದನ್ನು ಮಾತ್ರ ಕತ್ತರಿಸಬೇಡಿ. ಯಾರ ಮನೆಯಲ್ಲಿದ್ದರೂ ಇಡಿಯಾಗಿ ಇರಲಿ.

ನಾನು: ಕತ್ತರಿಸುವುದಿಲ್ಲ ಅಮ್ಮ. ಅಣ್ಣ, ಅದು ನಿನ್ನದೇ.

ಅಣ್ಣ: ಆರ್ಡರ್ ಮಾಡುವುದಿಲ್ಲ. ಶನಿವಾರ ಬರುತ್ತೇನೆ. ಮೂಲೆ ಇನ್ನೊಮ್ಮೆ ನಾನೇ ಅಳೆಯುತ್ತೇನೆ, ಒಂದು ಸಲದ ಅಳತೆ ನಂಬಿ ಮರ ಕೊಯ್ಯಬಾರದು.

ನಾನು: ಬಾ. ನೆಲದ ಹತ್ತಿರ, ಸೊಂಟದ ಮಟ್ಟ, ತಲೆಯ ಮಟ್ಟ, ಮೂರು ಕಡೆ ಅಳೆಯೋಣ. ನಾನು ಅಳೆದದ್ದು ಸೊಂಟದ ಮಟ್ಟದಲ್ಲಿ ಮಾತ್ರ. ಮತ್ತೆ ಆಚಾರಿಗೆ ಒಂದು ಮಾತು ಮೊದಲೇ ಹೇಳಬೇಕು: ಬಾಗಿಲು ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಬೇಡಿ, ಮಳೆಗೆ ಉಬ್ಬಲು ಜಾಗ ಬಿಡಿ. ಬೆನ್ನಿನ ಪ್ಲೈ ಗೋಡೆಗೆ ತಾಗದಂತೆ ಬೆರಳಷ್ಟು ಅಂತರ ಇರಲಿ.

ಅಮ್ಮ: ಶನಿವಾರ ಊಟಕ್ಕೆ ಎಷ್ಟು ಜನ ಅಂತ ಮೊದಲು ಹೇಳಿ.